ಮಾಳಗಿ ತಗಸಿದ್ವಿ

ಹೋದ ಮೇ ತಿಂಗಳು. ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಕಾಕಾನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕೆಳಗೆ ಒಂದೇ ಸಾಲು: "ಅಣ್ಣಾ, ಮಾಳಗಿ ತಗಸಿದ್ವಿ."

ಫೋಟೊದಲ್ಲಿ ಊರಿನ ಮನೆಯ ಪಡಸಾಲೆ. ಅದೇ ಕಂಬ, ಅದೇ ದೀಪದ ಗೂಡು, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಅದೇ ಮೊಳೆ. ಆದರೆ ಪಡಸಾಲೆ ತುಂಬ ಬಿಸಿಲು. ನನಗೆ ಒಂದು ಕ್ಷಣ ಅದು ಯಾರ ಮನೆ ಅಂತ ತಿಳಿಯಲೇ ಇಲ್ಲ. ನಾನು ಕಂಡಂತೆ ಆ ಪಡಸಾಲೆಗೆ ಬರುತ್ತಿದ್ದ ಬಿಸಿಲು ಒಂದು ರೊಟ್ಟಿಯಷ್ಟಗಲ ಮಾತ್ರ. ಬೆಳಕಿಂಡಿಯಿಂದ ಇಳಿದು, ಬೆಳಗ್ಗೆ ಗೋಡೆ ಮೇಲಿರುತ್ತಿತ್ತು. ಮಧ್ಯಾಹ್ನ ನೆಲಕ್ಕೆ ಬರುತ್ತಿತ್ತು. ಅವ್ವ ಅದನ್ನು ನೋಡಿಯೇ ರೊಟ್ಟಿ ಬುತ್ತಿ ಕಟ್ಟುತ್ತಿದ್ದಳು.

ಪಕ್ಕದಲ್ಲಿ ಕೂತ ಗೆಳೆಯ ಮಂಡ್ಯದವರು. ಹುಬ್ಬಳ್ಳಿಗೆ ವರ್ಗವಾಗಿ ಬಂದು ಎರಡು ವರ್ಷ. ಫೋಟೊ ನೋಡಿ, "ಓ, ಮೇಲಿನ ಮನೆ ಒಡೆಸಿದ್ರಾ? ಕೆಳಗಡೆನೂ ಹಿಂಗಾಗೋಯ್ತಲ್ಲ" ಅಂದರು.

"ಮೇಲಿನ ಮನೆ ಎಲ್ಲಿತ್ರೀ ನಮಗ?"

"ಮತ್ತೆ ಮಾಳಿಗೆ ಅಂತಿದಾರಲ್ಲ?"

ಅಲ್ಲಿಗೆ ಊಟ ಅರ್ಧಕ್ಕೇ ನಿಂತಿತು. ಅವರ ಕಡೆ ಮಾಳಿಗೆ ಅಂದರೆ ಮಹಡಿ. ಮೆಟ್ಟಿಲು ಹತ್ತಿ ಹೋಗುವ ಮೇಲಿನ ಅಂತಸ್ತು. ನಮ್ಮ ಕಡೆ ಮಾಳಿಗೆ ಅಂದರೆ ಮನೆಯ ತಲೆ. ಜಂತಿ, ತೊಲೆ, ಅದರ ಮೇಲಿನ ಮಣ್ಣು, ಎಲ್ಲ ಸೇರಿ ಮಾಳಿಗೆ. ಒಂದೇ ಅಂತಸ್ತಿನ ಮನೆಗೂ ಮಾಳಿಗೆ ಇರಲೇಬೇಕು. ಇಲ್ಲದಿದ್ದರೆ ಅದು ಮನೆಯಲ್ಲ, ನಾಲ್ಕು ಗೋಡೆ. ಅವರು ಅಂದುಕೊಂಡಿದ್ದು ಶ್ರೀಮಂತರ ಪದ, ನಾನು ಆಡಿದ್ದು ಎಲ್ಲರ ಪದ.

ಅವರದು ತಪ್ಪು ಅಂತ ನಾನು ಹೇಳಲಾರೆ. ತಮಿಳಿನಲ್ಲಿ ಮಾಳಿಗೈ ಅಂದರೆ ಅರಮನೆಯಂಥ ದೊಡ್ಡ ಮನೆ. ಮಲಯಾಳದಲ್ಲಿ ಮಾಳಿಗ ಅಂದರೆ ಮಹಡಿ ಮನೆ. ಪದ ದಕ್ಷಿಣದಲ್ಲಿ ಇಷ್ಟು ಎತ್ತರದಲ್ಲಿದ್ದರೆ, ಉತ್ತರಕ್ಕೆ ಬಂದಂತೆ ಒಂದು ಅಂತಸ್ತು ಇಳಿಯುತ್ತದೆ. ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಗೆ ಮಾಳವದ ಅನ್ನುತ್ತಾರೆ. ಅಲ್ಲಿ ಹೋದರೆ ನಮ್ಮ ಕಾಕಾನ ಮನೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ತಮಾಷೆ ಮಳಿಗೆಯದು. ಮಳಿಗೆ ಅಂದರೆ ಅಂಗಡಿ. ಒಂದು ದೀರ್ಘ ಹೆಚ್ಚಾದರೆ ಸಾಕು, 'ಮಾಳಿಗೆ ಬಾಡಿಗೆಗೆ ಇದೆ' ಅಂತ ಬೋರ್ಡು. ಹುಬ್ಬಳ್ಳಿಯಲ್ಲಿ ಅಂಥದೊಂದು ಬೋರ್ಡು ನೋಡಿ, ಹಪ್ಪಳ ಒಣಗಿಸಲು ಯಾರಾದರೂ ಹಿಡಿದಾರು ಅಂತ ನಕ್ಕಿದ್ದೇನೆ.

ನನಗೆ ಆವತ್ತು ಹೊಳೆದದ್ದು ಬೇರೆಯದು. ನಮ್ಮ ಸೀಮೆಯ ಅತಿ ಹೆಸರಾದ ತತ್ವಪದವನ್ನು ಈ ಗೆಳೆಯರು ಇಷ್ಟು ವರ್ಷ ಹೇಗೆ ಕೇಳಿರಬಹುದು? ಶಿಶುನಾಳ ಶರೀಫರ ಸೋರುವ ಮಾಳಿಗಿಯ ಪದ. ಶಿಶುನಾಳ ಇರುವುದು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಕೇಳಿಯೇಬಿಟ್ಟೆ. "ಮೇಲಿನ ಮನೆ ಸೋರ್ತಿದೆ ಅಂತ" ಅಂದರು ಅವರು. ಮೇಲಿನ ಮನೆ ಸೋರಿದರೆ ಕೆಳಗೆ ಬಂದು ಮಲಗಬಹುದು, ಅಲ್ವಾ? ನಮ್ಮಲ್ಲಿ ಆ ಅನುಕೂಲ ಇಲ್ಲ. ಆ ಪದದಲ್ಲಿ ಹುಳುಕು ಹಿಡಿದ ಜಂತಿ ಬರುತ್ತದೆ, ಮುರುಕು ತೊಲೆ ಬರುತ್ತದೆ, ಕತ್ತಲಲ್ಲಿ ಮೇಲೇರಿ ಹೋಗಲಾರೆ ಅನ್ನುವ ಮಾತು ಬರುತ್ತದೆ. ಮೇಲೇರಬೇಕು ಯಾಕೆ? ಮಾಳಿಗೆ ಸೋರಿದರೆ ಕೆಳಗೆ ಪಾತ್ರೆ ಇಟ್ಟು ಕೂತರೆ ಆಗುವುದಿಲ್ಲ. ಮಳೆಯಲ್ಲೇ ನಿಚ್ಚಣಿಕೆ ಹಾಕಿ ಹತ್ತಿ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಹುಡುಕಿ, ಕಾಲಿನಿಂದ ತುಳಿದು ಮುಚ್ಚಬೇಕು. ಹುಬ್ಬಳ್ಳಿ ಆಚೆಯ ಹಳ್ಳಿಯ ಯಾವ ಮುದುಕಿಗೂ ಈ ಪದಕ್ಕೆ ಟಿಪ್ಪಣಿ ಬೇಕಿಲ್ಲ. ಅಧ್ಯಾತ್ಮ ಆಮೇಲೆ. ಮೊದಲು ತಾಡಪತ್ರಿ.

ಆ ಭಾನುವಾರ ಊರಿಗೆ ಹೋದೆ. ನಮ್ಮೂರು ರೋಣ ತಾಲ್ಲೂಕಿನ ಎರೆ ಸೀಮೆಯಲ್ಲಿ, ಕಪ್ಪು ಮಣ್ಣಿನ ನೆಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ದಾಟಿ ಹೋಗಬೇಕು. ಈ ದಾರಿಯಲ್ಲಿ ಕಿಟಕಿ ಪಕ್ಕ ಕೂತರೆ ಮನೆಗಳ ತಲೆ ನೋಡಿಯೇ ಮಳೆಯ ಲೆಕ್ಕ ಹೇಳಬಹುದು. ಪಶ್ಚಿಮಕ್ಕೆ ಕಲಘಟಗಿ, ತಡಸ, ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು. ಮಳೆ ಜಾಸ್ತಿ. ಅಲ್ಲಿ ಇಳಿಜಾರು ಮಾಡು, ಮೇಲೆ ಹಂಚು. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ, ಮನೆಗಳ ತಲೆಯೂ ಚಪ್ಪಟೆಯಾಗುತ್ತ ಹೋಗುತ್ತದೆ. ನವಲಗುಂದ, ರೋಣ ಮುಟ್ಟುವ ಹೊತ್ತಿಗೆ ಊರಿಗೆ ಊರೇ ಮಟ್ಟಸ. ಈಗ ನಡುನಡುವೆ ಸ್ಲ್ಯಾಬಿನ ಮನೆಗಳ ನೀರಿನ ಟಾಕಿ ತಲೆ ಎತ್ತಿವೆ, ಆ ಮಾತು ಬೇರೆ.

ಹಂಚು ಅಂದೆನಲ್ಲ, ಅದೂ ನಮ್ಮ ಕಡೆ ಇಬ್ಬಂದಿ ಪದ. ರೊಟ್ಟಿ ಬೇಯಿಸುವುದೂ ಹಂಚೇ, ಮನೆ ಮೇಲೆ ಹೊದಿಸುವುದೂ ಹಂಚೇ. ಧಾರವಾಡದಲ್ಲಿ ಓದುವಾಗ ಬಾಡಿಗೆ ಖೋಲಿಯ ಮಾಲಕಿ ಬಾಯಿ "ಹಂಚು ಒಡದೈತಿ, ತರಬೇಕು" ಅಂದರೆ ನಾವು ಮೇಲೆ ನೋಡಬೇಕೋ ಒಲೆ ನೋಡಬೇಕೋ ತಿಳಿಯುತ್ತಿರಲಿಲ್ಲ. ಮನೆಯ ಹಂಚು ನಮಗೆ ಬಂದದ್ದು ಹೆಚ್ಚಾಗಿ ಮಂಗಳೂರು ಹಂಚಿನ ರೂಪದಲ್ಲಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಹಂಚು ಅದು. ಧಾರವಾಡದ ಹಳೆಯ ಬಂಗಲೆಗಳ ಮೇಲೆ ಇವತ್ತಿಗೂ ಪಾಚಿ ಹಿಡಿದು ಕೂತಿದೆ. ನಮ್ಮೂರಿಗೆ ಮಾತ್ರ ಅದು ಶಾಲೆಯ ತನಕ ಬಂತು, ಮನೆಗಳಿಗೆ ಬರಲಿಲ್ಲ.

ನಾನು ಹೋಗುವಷ್ಟರಲ್ಲಿ ಪಡಸಾಲೆ ಬಯಲಾಗಿತ್ತು. ಅಡುಗೆಮನೆಯ ಮೇಲಿನದು ಇನ್ನೂ ಅರ್ಧ ಬಾಕಿ. ಮೂವರು ಮೇಲೆ ನಿಂತು ಸಲಿಕೆಯಿಂದ ಕೆಳಗೆ ತಳ್ಳುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅದರ ಕೆಳಗೆ ಮಲಗಿದವನು. ಜ್ವರ ಬಂದಾಗ ಅಂಗಾತ ಬಿದ್ದು ಜಂತಿ ಎಣಿಸಿದವನು. ನಮ್ಮಲ್ಲಿ ಕೆಲಸ ಮಾಡದೆ ಬಿದ್ದುಕೊಂಡವನಿಗೆ "ಜಂತಿ ಎಣಸಾಕತ್ತಾನ" ಅಂತಲೇ ಬೈಯುವುದು. ಪಡಸಾಲೆಗೆ ಹದಿನೇಳು ಜಂತಿ, ಬಾಯಿಪಾಠ ಇತ್ತು. ಆದರೆ ಮಾಳಿಗೆಯ ಒಳಗೆ ಏನಿದೆ ಅಂತ ನೋಡಿದ್ದು ಅವತ್ತೇ ಮೊದಲು.

ಕಡಿದ ಕಡೆ ನಿಂತು ನೋಡಿದರೆ ಪದರ ಪದರ. ತಳದಲ್ಲಿ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ. ತೊಲೆಗೆ ಅಡ್ಡ ಜಂತಿಗಳು. ಜಂತಿಯ ಮೇಲೆ ಒತ್ತೊತ್ತಾಗಿ ಸೀಳಿದ ಕಟ್ಟಿಗೆ. ಅದರ ಮೇಲೆ ಬಂದರಕಿ ಗಿಡದ ತಪ್ಪಲು. ಅಷ್ಟು ವರ್ಷವಾದರೂ ಎಲೆಯ ಆಕಾರ ಅಲ್ಲಲ್ಲಿ ಉಳಿದಿತ್ತು, ಮುಟ್ಟಿದರೆ ಪುಡಿ. ತಪ್ಪಲಿನ ಮೇಲೆ ಮಣ್ಣು. ಮಣ್ಣಿನಲ್ಲೂ ಗೆರೆಗಳು, ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಾಕಿದ ಹೊಸ ಮಣ್ಣಿನ ಪದರಗಳು ಅವು. ಒಂದು ಗೆರೆಯ ನಡುವೆ ಹಸಿರು ಗಾಜಿನ ಗೋಲಿ ಸಿಕ್ಕಿತು. ನನ್ನದೇ ಇರಬೇಕು ಅಂತ ಹೇಳಿಕೊಂಡೆ, ತಮ್ಮ ತನ್ನದು ಅಂದ. ಇಬ್ಬರಿಗೂ ನೆನಪಿಲ್ಲ.

ಆ ಮಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು. ಸುತ್ತ ಹತ್ತಾರು ಮೈಲಿ ಎರೆ ಮಣ್ಣೇ ಇರುವ ಊರಿನಲ್ಲಿ ಮಾಳಿಗೆಯ ಮೇಲೆ ಎರೆ ಮಣ್ಣು ಒಂದು ಬುಟ್ಟಿಯೂ ಇರಲಿಲ್ಲ. ಎರೆ ತೊಯ್ದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಪಾದ ಇಳಿಯುತ್ತದೆ. ಅದನ್ನು ಮೇಲೆ ಹಾಕಿದರೆ ಮೊದಲ ಮಳೆಗೇ ಮನೆ ಕೆರೆ. ಮಾಳಿಗೆಗೆ ತರುವುದು ಕರ್ಲ ಮಣ್ಣು, ಬೂದಿ ಬಣ್ಣದ್ದು. ಕೆಲವರು ಸವಳು ಅನ್ನುತ್ತಾರೆ. ಬೆಳೆ ಬಾರದ ನೆಲದ ಮಣ್ಣು ಅದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಜೇಡಿಯ ಸಣ್ಣ ಕಣಗಳು ಒಂದನ್ನೊಂದು ಬಿಟ್ಟು ಹರಡಿ, ಇದ್ದ ಸಂದಿಗಳಿಗೆಲ್ಲ ಸೇರಿ ಮೆತ್ತಿಕೊಳ್ಳುತ್ತವೆ. ಮೇಲಿನ ಪದರ ತೊಯ್ದು ಜಿಗುಟಾಗುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಹೊಲದಲ್ಲಿ ಬೇರಿಗೆ ನೀರು ಸಿಗದ ಹಾಗೆ ಮಾಡುವ ಗುಣವೇ ಮನೆ ಮೇಲೆ ಮನೆಯವರನ್ನು ಒಣಗಿಸಿ ಇಡುತ್ತದೆ. ನಮ್ಮ ಹಿರಿಯರಿಗೆ ಸೋಡಿಯಂ ಗೊತ್ತಿರಲಿಲ್ಲ, ಯಾವ ಹೊಲ ಹಾಳು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಮಣ್ಣು ಹೊರಹಾಕಲು ಟ್ರ್ಯಾಕ್ಟರ್ ಬಂತು. ಪಕ್ಕದ ಮನೆಯವರು ಹೊಲದ ತಗ್ಗಿಗೆ ಬೇಕು ಅಂದರು. ಕಾಕಾ ಕೂಡಲೇ, "ಹೊಲಕ್ಕ ಹಾಕಬ್ಯಾಡಪ್ಪಾ, ಹೊಲ ಕೆಡತೈತಿ" ಅಂತ ತಡೆದರು. ಕೊನೆಗೆ ದಾರಿಯ ಗುಂಡಿಗೆ ಹೋಯಿತು.

ಈ ಮಾಳಿಗೆಯ ಭಾರ ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಸುಮ್ನೆ ಲೆಕ್ಕ ಹಾಕಿ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಖೋಲಿ. ಮೇಲೆ ಒಂದಡಿ ದಪ್ಪ ಮಣ್ಣು. ನೂರು ಘನ ಅಡಿ. ತುಳಿದು ಗಟ್ಟಿಯಾದ ಮಣ್ಣು ಅಂದರೆ ಹತ್ತಿರ ಹತ್ತಿರ ಐದು ಟನ್. ಮಳೆಯಲ್ಲಿ ತೊಯ್ದರೆ ಇನ್ನೂ ಜಾಸ್ತಿ. ಎರಡು ಆನೆಯಷ್ಟು ಭಾರವನ್ನು ತಲೆ ಮೇಲೆ ಇಟ್ಟುಕೊಂಡು ನಾವು ಕೆಳಗೆ ತಣ್ಣಗೆ ಮಲಗಿದ್ದೆವು. ತಣ್ಣಗೆ ಅನ್ನುವುದು ನಿಜ. ಏಪ್ರಿಲ್ ಬಿಸಿಲು ಒಂದಡಿ ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಆದರೆ ಸೋರಿದಾಗೆಲ್ಲ ಮೇಲೆ ಮತ್ತೊಂದಿಷ್ಟು ಮಣ್ಣು. ಹಳೆಯದನ್ನು ತೆಗೆಯುವವರು ಕಡಿಮೆ, ಹಾಕುವವರೇ ಎಲ್ಲ. ಜಂತಿ ಹಳೆಯದಾಗುತ್ತ ಹೋಗುತ್ತದೆ, ಭಾರ ಹೆಚ್ಚುತ್ತ ಹೋಗುತ್ತದೆ. ಕಾಳಜಿ ಮಾಡಿದವರ ಮನೆಯೇ ಮೊದಲು ಬೀಳುವುದನ್ನು ನಾನು ನೋಡಿದ್ದೇನೆ.

2019ರ ಆಗಸ್ಟಿನಲ್ಲಿ ನಮ್ಮ ಮನೆಯ ಹಿಂದಿನ ಖೋಲಿ ಹೀಗೇ ಬಿದ್ದಿತ್ತು. ಆ ವರ್ಷ ಮಲಪ್ರಭೆಗೆ ಮಹಾಪೂರ ಬಂದು ನರಗುಂದ, ರೋಣದ ಕಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ನಮ್ಮೂರಿಗೆ ಹೊಳೆ ಬರಲಿಲ್ಲ, ಹಗಲೂ ರಾತ್ರಿ ಮಳೆ ಬಂತು. ಚಿಗವ್ವ ಖೋಲಿಯಿಂದ ಆಚೆ ಬಂದ ಸ್ವಲ್ಪ ಹೊತ್ತಿಗೆ ಮಾಳಿಗೆ ಕುಳಿತಿತು. ಹೌದು, ನಮ್ಮಲ್ಲಿ ಮಾಳಿಗೆ ಬೀಳುವುದಕ್ಕೆ 'ಕುಂತತು' ಅನ್ನುತ್ತಾರೆ. ದಣಿದ ಮನುಷ್ಯ ಕೂತ ಹಾಗೆ.

ಪರಿಹಾರದ ಅರ್ಜಿ ಬರೆದವನು ನಾನೇ. 'ಹಿಂದಿನ ಕೋಣೆಯ ಮಾಳಿಗೆ ಪೂರ್ತಿ ಬಿದ್ದಿರುತ್ತದೆ' ಅಂತ. ಕಚೇರಿಯಲ್ಲಿ ಇದ್ದವನು ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಹುಡುಗ. ಓದಿ ಕೇಳಿದ: "ಮಾಳಿಗೆ ಮಾತ್ರನಾ ಸಾರ್? ಹಾಗಾದ್ರೆ ಕೆಳಗಿನ ರೂಮು ಸರಿ ಇದೆ ಅಲ್ವಾ?" ಪೂರ್ತಿ ಬಿದ್ದ ಮನೆಗೆ ಆಗ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಕಡಿಮೆ ಹಾನಿಯಾದರೆ ಹಣವೂ ಕಡಿಮೆ. ಒಂದು ಪದದ ಅರ್ಥಕ್ಕೆ ಎಷ್ಟು ಬೆಲೆ ಅಂತ ನಾನು ಆ ಮೇಜಿನ ಮುಂದೆ ನಿಂತು ಕಲಿತೆ. ಹುಡುಗ ಕೆಟ್ಟವನಲ್ಲ. ಹೊರಗೆ ಕರೆದುಕೊಂಡು ಹೋಗಿ ಎದುರಿಗಿದ್ದ ಒಂದು ಮನೆ ತೋರಿಸಿದೆ. "ಓ, ಛಾವಣಿ ಅನ್ನಿ" ಅಂದ. ಅರ್ಜಿ ಮತ್ತೆ ಬರೆದೆ. ಅವತ್ತಿನಿಂದ ಛಾವಣಿ ನನ್ನ ಕಿವಿಗೆ ಅರ್ಜಿಯ ಪದ.

ಛಾವಣಿಯ ಕತೆಯೂ ಸಣ್ಣದಲ್ಲ. ಮರಾಠಿಯವರಿಗೆ ಛಾವಣಿ ಅಂದರೆ ದಂಡು ಬೀಡುಬಿಟ್ಟ ಜಾಗ. ಬರಗಾಲದಲ್ಲಿ ದನಗಳಿಗೆ ಮೇವು ಹಾಕುವ ಶಿಬಿರಕ್ಕೆ ಅವರು ಚಾರಾ ಛಾವಣಿ ಅನ್ನುತ್ತಾರೆ. ನಮ್ಮಲ್ಲಿ ಅದು ಪತ್ರಿಕೆ, ಪಠ್ಯಪುಸ್ತಕ, ಅರ್ಜಿಗಳ ಪದ. ಮನೆಯಲ್ಲಿ ಯಾರೂ "ಛಾವಣಿ ಏರು" ಅನ್ನುವುದಿಲ್ಲ. ಸೂರು ಅನ್ನುವುದು ಇನ್ನೂ ತಮಾಷೆ. ಸೂರು ಅಂದರೆ ಇಳಿಜಾರು ಮಾಡಿನ ಅಂಚು, ಮಳೆಯ ಹನಿ ತೊಟ್ಟಿಕ್ಕುವ ಜಾಗ. ಸರ್ಕಾರದವರು ಎಲ್ಲರಿಗೂ ಸೂರು ಕೊಡುತ್ತೇವೆ ಅನ್ನುತ್ತಾರೆ. ನಮ್ಮ ಚಪ್ಪಟೆ ಮಾಳಿಗೆಗೆ ಸೂರೇ ಇಲ್ಲ! ಸುತ್ತ ಕುಂಬಿಯ ಮೋಟುಗೋಡೆ, ನೀರು ಹೊರಗೆ ಬೀಳಲು ಒಂದು ದೋಣಿ, ಅಷ್ಟೇ.

ಜನಗಣತಿಯವರ ಲೆಕ್ಕ ಇನ್ನೂ ಬೇರೆ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಮನೆಯ ಮೇಲ್ಭಾಗ ಯಾವುದರದ್ದು ಅಂತ ಒಂದು ಪ್ರಶ್ನೆ ಇತ್ತು. ಕಾಂಕ್ರೀಟಿಗೆ ಒಂದು ಗುಂಪು. ತಗಡು, ಕಲ್ನಾರಿನ ಶೀಟಿಗೆ ಒಂದು. ಕೈಹಂಚಿಗೆ ಒಂದು, ಯಂತ್ರದ ಹಂಚಿಗೆ ಇನ್ನೊಂದು. ಹುಲ್ಲು, ಬಿದಿರು, ಕಟ್ಟಿಗೆ, ಮಣ್ಣು, ಇವೆಲ್ಲ ಸೇರಿ ಒಂದೇ ಗುಂಪು. ಅಂದರೆ ಗಾಳಿಗೆ ಹಾರುವ ಹುಲ್ಲಿನ ಗುಡಿಸಲೂ, ಐದು ಟನ್ ಹೊತ್ತ ನಮ್ಮ ಮಾಳಿಗೆಯೂ ಅಲ್ಲಿ ಅಣ್ಣತಮ್ಮಂದಿರು.

ಈ ಪದಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ಉಳಿದವೆಲ್ಲ ಮನೆಯನ್ನು ಕೆಳಗಿನಿಂದಲೋ ಪಕ್ಕದಿಂದಲೋ ನೋಡಿ ಹುಟ್ಟಿದ ಪದಗಳು. ನೆರಳು ಕೊಡುವುದು ಛಾವಣಿ. ನೀರು ಇಳಿಯುವ ತುದಿ ಸೂರು. ಇಳಿಜಾರು ಮಾಡು. ಮಾಳಿಗೆ ಮಾತ್ರ ಅದರ ಮೇಲೆ ನಿಂತವರ ಪದ. ಲಕ್ಕುಂಡಿಯ ಗುಡಿಗಳಲ್ಲಿ ತಲೆ ಎತ್ತಿ ಭುವನೇಶ್ವರಿ ಅನ್ನುವ ಒಳಮಾಳಿಗೆಯ ಕೆತ್ತನೆ ನೋಡಿದಾಗಲೂ ನನಗೆ, ಇದರ ಮೇಲ್ಗಡೆ ಬೋಳು ಚಪ್ಪಡಿ ಇರುತ್ತದಲ್ಲ, ಅಲ್ಲಿ ಸಂಜೆ ಎಷ್ಟು ಹಿತವಾಗಿ ಕೂಡಬಹುದು ಅನ್ನಿಸುತ್ತದೆ. ಇದು ಮಾಳಿಗೆಯ ಮೇಲೆ ಬೆಳೆದವರ ರೋಗ. ನಮ್ಮಲ್ಲಿ ಮೆಣಸಿನಕಾಯಿ ಒಣಗುವುದು ಅಲ್ಲಿ, ಶಾವಿಗೆ, ಸಂಡಿಗೆ ಅಲ್ಲಿ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುವುದು ಅಲ್ಲಿ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಿ ಓಣಿಯ ಆ ತುದಿಗೆ ಹೋಗಿ ಮಜ್ಜಿಗೆ ಇಸಿದುಕೊಂಡು ಬರುತ್ತಿದ್ದೆವು. ಕೆಳಗೆ ಮಾತು ಬಿಟ್ಟ ಮನೆಗಳೂ ಮೇಲೆ ಒಂದೇ ಆಗಿದ್ದವು.

2019ರಲ್ಲಿ ಬಿದ್ದ ಖೋಲಿಗೆ ಕಾಕಾ ಪತ್ರಾಸು, ಅಂದರೆ ತಗಡಿನ ಶೀಟು, ಹೊಡೆಸಿದರು. ಅಲ್ಲಿಂದ ಚಿಗವ್ವನ ದೂರು ಶುರು. ಮಧ್ಯಾಹ್ನ ಒಳಗೆ ಕಾಲಿಡಲಾಗದು, ಮಳೆ ಬಂದರೆ ಮಾತು ಕೇಳಿಸದು. ಅವಳ ದೊಡ್ಡ ದೂರು ಬೇರೆ: "ಅದರ ಮ್ಯಾಲ ಒಂದು ಬೆಕ್ಕು ಸೈತ ಸುಮ್ನ ಕುಂಡ್ರಂಗಿಲ್ಲ." ಪತ್ರಾಸನ್ನು ಅವಳು ಒಮ್ಮೆಯೂ ಮಾಳಿಗೆ ಅಂದಿಲ್ಲ.

ಜೂನ್ ಮೊದಲ ವಾರದಲ್ಲಿ ಪಡಸಾಲೆಗೆ ಸ್ಲ್ಯಾಬ್ ಹಾಕಿದರು. ಒಂದೇ ದಿನದ ಕೆಲಸ, ಸಂಜೆಗೆ ಪೇಢೆ ಹಂಚಿದರು. ಮರುದಿನ ಗೌಂಡಿ ನೀರು ಕಟ್ಟಬೇಕು ಅಂದ. ಹಸಿ ಕಾಂಕ್ರೀಟು ಒಣಗಬಾರದು, ಎರಡು ವಾರ ಮೇಲೆ ನೀರು ನಿಂತಿರಬೇಕು. ಅದಕ್ಕೆ ಸ್ಲ್ಯಾಬಿನ ಮೇಲೆ ಗದ್ದೆಯ ಹಾಗೆ ಸಣ್ಣ ಬದುಗಳನ್ನು ಕಟ್ಟಬೇಕು, ಮಣ್ಣು ಎಲ್ಲಿದೆ ಅಂತ ಕೇಳಿದ. ಅಂಗಳದ ಮೂಲೆಯಲ್ಲಿ ಹಳೆಯ ಮಾಳಿಗೆಯ ಮಣ್ಣು ಒಂದು ಗುಂಪೆ ಉಳಿದಿತ್ತು. ಅದನ್ನೇ ಕಲಸಿ ಬುಟ್ಟಿಯಲ್ಲಿ ಮೇಲೆ ಹೊತ್ತರು. ಗೌಂಡಿಗೆ ಖುಷಿಯೋ ಖುಷಿ. ಒಂದು ಹನಿಯೂ ಬದು ದಾಟುತ್ತಿಲ್ಲ ಅಂತ ನನಗೆ ಎರಡು ಸಲ ತೋರಿಸಿದ.

ಮೆಟ್ಟಿಲಿಗೆ ದುಡ್ಡು ಸಾಲಲಿಲ್ಲ, ಹಳೆಯ ನಿಚ್ಚಣಿಕೆಯೇ ಗತಿ. ಚಿಗವ್ವ ಬೇಡ ಅಂದರೂ ಹತ್ತಿ ಬಂದಳು. ಮೇಲಿನ ಮೆಟ್ಟಿಲಲ್ಲಿ ನಿಂತು, ಗಿಲಾಯಿ ಇಲ್ಲದ ಕುಂಬಿಯ ಮೇಲೆ ಕೈಯಿಟ್ಟು, ಚೌಕ ಚೌಕವಾಗಿ ನಿಂತ ನೀರನ್ನು ನೋಡಿದಳು. ನಲವತ್ತು ಮಳೆಗಾಲ ಆ ಮನೆಯ ಮೇಲೆ ಒಂದು ಬೊಗಸೆ ನೀರು ನಿಂತರೂ ಕಸಬರಿಗೆ ಹಿಡಿದು ಓಡಿದವಳು ಅವಳು.

"ಮಾಳಗಿ ಮ್ಯಾಲ ನೀರ ನಿಲ್ಲಸ್ತಾರೇನೋ ಖೋಡಿ?" ಅಂತ ಗೌಂಡಿಗೆ ಕೇಳಿದಳು. ಇನ್ನೂ ಹದಿಮೂರು ದಿನ ಹೀಗೇ ಇರಬೇಕು ಅಂತ ಅವನು ಹೇಳಿದ. ಅವಳು ನಂಬಲಿಲ್ಲ. ಇಳಿದು ಹೋಗಿ ಪಡಸಾಲೆಯ ನಡುವೆ ನಿಂತು, ತಲೆ ಮೇಲೆತ್ತಿ, ಎಲ್ಲಾದರೂ ತೊಟ್ಟಿಕ್ಕುತ್ತಿದೆಯಾ ಅಂತ ಬಹಳ ಹೊತ್ತು ನೋಡಿದಳು.